ಪಾತಾಳಗರಡಿಯ ಕೆಲಸ ಕಸಿದ ಕೊಡ

ಹುಳಿಯಾರು ಸೀಮೆಯ ಹಳೇ ಮನೆಯ ಅಟ್ಟ ಹತ್ತಿದರೆ ಕಾಯಿ ರಾಶಿಯ ಮಗ್ಗುಲಲ್ಲಿ ತುಕ್ಕು ಹಿಡಿದ ಕಬ್ಬಿಣದ ಗೊಂಚಲೊಂದು ಕೈಗೆ ಸಿಕ್ಕೀತು. ದಪ್ಪನೆಯ ಒಂದು ಬಳೆ, ಅದರಿಂದ ಇಳಿಬಿದ್ದ ಎಂಟು ಹತ್ತು ಕೊಕ್ಕೆ, ಹಗ್ಗ ಕಟ್ಟಲು ಮೇಲೊಂದು ಕುಣಿಕೆ. ಈಗಿನ ಹುಡುಗರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಗುಜರಿಗೆ ಹಾಕಲು ಹೊರಡುತ್ತಾರೆ. ಅದರ ಹೆಸರು ಪಾತಾಳಗರಡಿ. ಸೇದೋಬಾವಿಗೆ ಕೊಡ ಬಿದ್ದಾಗ ಹಗ್ಗದಲ್ಲಿ ಇಳಿಬಿಟ್ಟು, ತಳವನ್ನೆಲ್ಲ ತಡಕಾಡಿ, ಕೊಡದ ಕಂಠಕ್ಕೆ ಕೊಕ್ಕೆ ಸಿಗಿಸಿ ಮೇಲೆತ್ತುವ ಸಾಧನ. ಊರಿಗೆಲ್ಲ ಒಂದೋ ಎರಡೋ ಇರುತ್ತಿದ್ದವು. ಅದು ಇದ್ದ ಮನೆಯ ಬಾಗಿಲನ್ನು ಜನ ಹೊತ್ತಲ್ಲದ ಹೊತ್ತಿನಲ್ಲಿ ತಟ್ಟುತ್ತಿದ್ದರು.

ಅದಕ್ಕೆ ಕೆಲಸ ತಪ್ಪಿದ್ದು ಯಾಕೆ? ಬಾವಿಗಳು ಬತ್ತಿದವು, ಬೋರ್‌ವೆಲ್ ಬಂತು, ನಲ್ಲಿ ಬಂತು ಎಂದು ಯಾರಾದರೂ ಹೇಳುತ್ತಾರೆ. ಅದು ನಿಜವೇ. ಆದರೆ ಬಾವಿಯಲ್ಲಿ ಇನ್ನೂ ನೀರಿದ್ದ ಕಾಲದಲ್ಲೇ ಪಾತಾಳಗರಡಿಯನ್ನು ಅಟ್ಟಕ್ಕೆ ಹತ್ತಿಸಿದ ಇನ್ನೊಂದು ಕಾರಣವಿದೆ. ಅದು ಪ್ಲಾಸ್ಟಿಕ್ ಕೊಡ. ತಾಮ್ರದ ಕೊಡ ಹಗ್ಗದಿಂದ ಜಾರಿದರೆ ಬುಳುಬುಳು ಎಂದು ನೀರು ಕುಡಿದು ನೇರ ತಳ ಸೇರುತ್ತದೆ. ಪ್ಲಾಸ್ಟಿಕ್ಕಿನದು ಜಾರಿದರೆ ನೀರು ತುಂಬಿಕೊಂಡೂ ಮುಳುಗುವುದಿಲ್ಲ. ಅಂಚನ್ನೋ ಬುಡವನ್ನೋ ಒಂದಿಷ್ಟು ಮೇಲಕ್ಕೆ ತೋರಿಸುತ್ತ ಅಲ್ಲೇ ಓಲಾಡುತ್ತದೆ. ಒಂದು ಉದ್ದನೆ ಗಳು ಸಾಕು, ಎತ್ತಿಕೊಳ್ಳಬಹುದು.

ಒಂದು ಲೀಟರು ನೀರಿನ ತೂಕ 1 ಕೆ.ಜಿ. ಅಷ್ಟೇ ಜಾಗ ಹಿಡಿಯುವ ತಾಮ್ರದ ತೂಕ ಸುಮಾರು 8.9 ಕೆ.ಜಿ. ಕೊಡ ಮಾಡುವ ಪಾಲಿಥಿನ್ ಜಾತಿಯ ಪ್ಲಾಸ್ಟಿಕ್ ಅಷ್ಟೇ ಜಾಗಕ್ಕೆ 950 ಗ್ರಾಂ ಆಸುಪಾಸು. ಒಳಗೆ ತುಂಬಿಕೊಂಡ ನೀರು ಹೊರಗಿನ ನೀರಿನಷ್ಟೇ ತೂಕದ್ದು. ಅದು ಕೊಡವನ್ನು ಮುಳುಗಿಸಲೂ ಬರುವುದಿಲ್ಲ, ತೇಲಿಸಲೂ ಬರುವುದಿಲ್ಲ. ಉಳಿಯುವ ಪ್ರಶ್ನೆ ಗೋಡೆಯದು ಮಾತ್ರ. ತಾಮ್ರದ ಗೋಡೆ ನೀರಿಗಿಂತ ಒಂಬತ್ತು ಪಾಲು ಭಾರ, ಪ್ಲಾಸ್ಟಿಕ್ಕಿನ ಗೋಡೆ ನೀರಿಗಿಂತ ಕೂದಲೆಳೆಯಷ್ಟು ಹಗುರ. ಆ ಕೂದಲೆಳೆಯೇ ಪಾತಾಳಗರಡಿಯನ್ನು ಮೂಲೆಗೆ ಸೇರಿಸಿತು.

ಇದರ ತೊಂದರೆಯನ್ನೂ ಹೆಂಗಸರು ಕಂಡವರೇ. ಪ್ಲಾಸ್ಟಿಕ್ ಕೊಡ ಬಾವಿಗಿಳಿದ ಮೇಲೆ ನೀರಿನ ಮೇಲೆ ಅಡ್ಡಾಡುತ್ತದೆಯೇ ಹೊರತು ಬಾಯಿ ಕೆಳಗೆ ಮಾಡುವುದಿಲ್ಲ. ಹಗ್ಗವನ್ನು ಕುಲುಕಿ, ಜಗ್ಗಿ, ಕೊನೆಗೆ ಬೇಸತ್ತು ಕಂಠದ ಹತ್ತಿರ ಒಂದು ಕಲ್ಲನ್ನೋ ಕಬ್ಬಿಣದ ತುಂಡನ್ನೋ ಕಟ್ಟಿಬಿಡುವುದು. ತಾಮ್ರದ್ದಾದರೆ ತನ್ನ ಭಾರಕ್ಕೆ ತಾನೇ ವಾಲಿ ತುಂಬಿಕೊಳ್ಳುತ್ತಿತ್ತು.

ಸೇದೋಬಾವಿಯಲ್ಲಿ ಇನ್ನೊಂದು ಪಾಠ ದಿನವೂ ನಡೆಯುತ್ತಿತ್ತು, ಪಾಠವೆಂದು ಯಾರೂ ಅಂದುಕೊಂಡಿರಲಿಲ್ಲ ಅಷ್ಟೆ. ತುಂಬಿದ ಕೊಡ ನೀರೊಳಗೆ ಇರುವವರೆಗೆ ಹಗ್ಗ ಸಲೀಸಾಗಿ ಮೇಲೆ ಬರುತ್ತದೆ. ಕೊಡ ನೀರಿನಿಂದ ಮೇಲೆದ್ದ ಕ್ಷಣ ಯಾರೋ ಕೆಳಗಿನಿಂದ ಹಿಡಿದೆಳೆದ ಹಾಗೆ ಹಗ್ಗ ಜಗ್ಗುತ್ತದೆ, ರಾಟೆ ಕಿರ್ರೆನ್ನುತ್ತದೆ. ಹೊಸದಾಗಿ ನೀರು ಸೇದುವ ಹುಡುಗಿಯ ಕೈ ಜಾರುವುದು ಸರಿಯಾಗಿ ಅಲ್ಲೇ. 12 ಲೀಟರು ಹಿಡಿಯುವ, ಖಾಲಿಯಿದ್ದಾಗ 2 ಕೆ.ಜಿ. ತೂಗುವ ತಾಮ್ರದ ಬಿಂದಿಗೆಯೊಂದು ಇದೆ ಎನ್ನೋಣ. ತುಂಬಿಕೊಂಡು ನೀರೊಳಗೆ ಇರುವಾಗ ಅದು ಕೈಗೆ ಭಾರವಾಗುವುದು ಸುಮಾರು 1.8 ಕೆ.ಜಿ. ಮಾತ್ರ. ಹೊರಗೆ ಬಂದೊಡನೆ ಪೂರ್ತಿ 14 ಕೆ.ಜಿ. ನೀರೊಳಗೆ ಇದ್ದಾಗ ಉಳಿದ ಭಾರವನ್ನು ಹೊತ್ತವರು ಯಾರು? ಬಾವಿಯ ನೀರೇ.

ನೀರು ಯಾಕೆ ಹೊರುತ್ತದೆ ಎಂದರೆ, ಆಳಕ್ಕೆ ಹೋದಷ್ಟೂ ನೀರಿನ ಒತ್ತಡ ಹೆಚ್ಚು. ಬಾವಿಯಲ್ಲಿ ತಳ ಮುಟ್ಟಲು ಪಂದ್ಯ ಕಟ್ಟಿ ಮುಳುಗಿದವರಿಗೆ ಕಿವಿಯ ನೋವೇ ಅದನ್ನು ತಿಳಿಸಿರುತ್ತದೆ. ನೀರಲ್ಲಿರುವ ವಸ್ತುವಿನ ತಳ ಅದರ ತಲೆಗಿಂತ ಆಳದಲ್ಲಿರುತ್ತದೆ. ಹಾಗಾಗಿ ಕೆಳಗಿನಿಂದ ಮೇಲಕ್ಕೆ ಬೀಳುವ ಒತ್ತು ಮೇಲಿನಿಂದ ಕೆಳಕ್ಕೆ ಬೀಳುವ ಒತ್ತಿಗಿಂತ ಹೆಚ್ಚು. ಎಷ್ಟು ಹೆಚ್ಚು ಎಂಬುದನ್ನು ಕಾಣಲು ಒಂದು ಉಪಾಯವಿದೆ. ತೆಂಗಿನಕಾಯಿಯೊಂದನ್ನು ನೀರೊಳಗೆ ಅದುಮಿ ಹಿಡಿದಿದ್ದೀರಿ. ಆ ಕಾಯಿ ಇರುವ ಜಾಗದಲ್ಲಿ ಮೊದಲು ಕಾಯಿಯದೇ ಆಕಾರದ ನೀರು ಇತ್ತಲ್ಲ, ಅದು ಮೇಲೂ ಹೋಗದೆ ಕೆಳಗೂ ಹೋಗದೆ ನಿಂತಿತ್ತು. ಅಂದರೆ ಸುತ್ತಲಿನ ನೀರು ಅದರ ತೂಕವನ್ನು ಸರಿಯಾಗಿ ಹೊತ್ತಿತ್ತು. ಈಗ ಅಲ್ಲಿ ಕಾಯಿ ಇದೆ. ಸುತ್ತಲಿನ ನೀರಿಗೆ ಅಲ್ಲಿರುವುದು ನೀರೋ ಕಾಯಿಯೋ ಗೊತ್ತಿಲ್ಲ, ಮೊದಲು ಎಷ್ಟು ಹೊರುತ್ತಿತ್ತೋ ಈಗಲೂ ಅಷ್ಟನ್ನೇ ಹೊರುತ್ತದೆ. ಕಾಯಿ ಆ ನೀರಿಗಿಂತ ಹಗುರವಾದರೆ ಮೇಲೆದ್ದಿತು, ಭಾರವಾದರೆ ಕೆಳಗಿಳಿಯಿತು.

ಸಿರಾಕ್ಯೂಸಿನ ಆರ್ಕಿಮಿಡೀಸ್ ಕ್ರಿ.ಪೂ. 3ನೇ ಶತಮಾನದಲ್ಲಿ ಹೇಳಿದ್ದು ಇದನ್ನೇ. ಅವನ ಹೆಸರು ಬಂದೊಡನೆ ಸ್ನಾನದ ತೊಟ್ಟಿ, ಚಿನ್ನದ ಕಿರೀಟ, ಬೀದಿಯಲ್ಲಿ ಬೆತ್ತಲೆ ಓಟ ನೆನಪಿಗೆ ಬರುತ್ತವೆ. ತೇಲುವ ವಸ್ತುಗಳ ಬಗ್ಗೆ ಅವನೇ ಬರೆದ ಗ್ರಂಥದಲ್ಲಿ ಆ ಕತೆ ಇಲ್ಲ. ಅದನ್ನು ಹೇಳಿದ್ದು ಸುಮಾರು 200 ವರ್ಷಗಳ ನಂತರದ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್. ಕತೆ ಚೆನ್ನಾಗಿದೆ, ಇರಲಿ. ಆದರೆ ಹುಳಿಯಾರಿನ ಮಕ್ಕಳಿಗೆ ತೊಟ್ಟಿಗಿಂತ ಸೇದುವ ಹಗ್ಗವೇ ಒಳ್ಳೆಯ ಮೇಷ್ಟ್ರು.

ಇನ್ನು ಕಾಯಿಯ ವಿಚಾರ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನವರು ಕಾಯಿಯನ್ನು ಎಳನೀರಿಗಿಂತ ಹೆಚ್ಚಾಗಿ ಉಂಡೆ ಕೊಬ್ಬರಿಗೆ ಬೆಳೆಯುವವರು. ತಿಪಟೂರಿನ ಮಾರುಕಟ್ಟೆಗೆ ಹೆಸರು ಬಂದಿರುವುದೇ ಆ ಕೊಬ್ಬರಿಯಿಂದ. ಕೆಡವಿದ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಅಲ್ಲಿ ಅದು ಎಂಟು ತಿಂಗಳಿಂದ ವರ್ಷದವರೆಗೆ ಸುಮ್ಮನೆ ಬಿದ್ದಿರುತ್ತದೆ. ಸುಮ್ಮನೆ ಎಂದರೂ ಒಳಗೆ ಕೆಲಸ ನಡೆದೇ ಇರುತ್ತದೆ. ನೀರು ಆರುತ್ತ ಬರುತ್ತದೆ, ಅರ್ಧದಷ್ಟು ತೇವವಿದ್ದ ತಿರುಳು ಶೇ. 6-7ರ ತೇವಕ್ಕೆ ಇಳಿಯುತ್ತದೆ, ಚಿಪ್ಪಿನಿಂದ ಬಿಟ್ಟುಕೊಂಡು ಗಿಟುಕಾಗುತ್ತದೆ.

ಅಜ್ಜಿಯೊಬ್ಬರು ಅಟ್ಟದ ಕಾಯಿ ಪರೀಕ್ಷಿಸುವುದನ್ನು ನೋಡಬೇಕು. ಕಿವಿಯ ಹತ್ತಿರ ತಂದು ಒಮ್ಮೆ ಅಲ್ಲಾಡಿಸುತ್ತಾರೆ. ಗುಳುಕ್ ಎಂದಿತೋ, "ಇನ್ನೂ ನೀರೈತೆ ಕಣ್ಲಾ, ಒಳಕ್ಕಾಕು" ಎಂದು ಮೊಮ್ಮಗನ ಕೈಗೆ ಕೊಡುತ್ತಾರೆ. ಮುಂದಿನದು ಲೊಡಲೊಡ ಎಂದಿತು, "ಇದು ಆಗೈತೆ" ಎಂದು ಪಕ್ಕಕ್ಕಿಡುತ್ತಾರೆ. ಮೂರನೆಯದು ಏನೂ ಅನ್ನುವುದಿಲ್ಲ. ಅದನ್ನು ಮೂಗಿಗೆ ಹಿಡಿದು, ಮುಖ ಕಿವುಚಿ, "ಕೌಟು" ಎಂದು ಕೆಳಗೆ ಎಸೆಯುತ್ತಾರೆ.

ತೇಲುವ ಲೆಕ್ಕದಲ್ಲಿ ಈ ಅಟ್ಟದ ವರ್ಷಕ್ಕೆ ಬೆಲೆ ಇದೆ. ಚಿಪ್ಪು ಗಟ್ಟಿ, ಕುಗ್ಗುವುದಿಲ್ಲ. ಒಳಗಿನ ನೀರು ಆವಿಯಾಗಿ ಹೋದ ಹಾಗೆಲ್ಲ ಆ ಜಾಗಕ್ಕೆ ಗಾಳಿ ಬಂದು ಕೂರುತ್ತದೆ. ಕಾಯಿ ಹಿಡಿಯುವ ಜಾಗ ಅಷ್ಟೇ, ತೂಕ ಮಾತ್ರ ತಿಂಗಳು ತಿಂಗಳೂ ಇಳಿಮುಖ. ಹಾಗಾಗಿ ಒಂದೇ ಕಾಯಿ ಮರದಿಂದ ಬಿದ್ದ ದಿನ ನೀರಿನಲ್ಲಿ ಹೆಚ್ಚು ಮುಳುಗಿ ತೇಲಿದರೆ, ಒಣಗಿದ ಮೇಲೆ ಮೇಲೆದ್ದು ತೇಲುತ್ತದೆ. ಕೋಳಿಮೊಟ್ಟೆಯ ಕತೆಯೂ ಇದೇ. ಹೊಸ ಮೊಟ್ಟೆ ನೀರಿನ ತಳದಲ್ಲಿ ಮಲಗುತ್ತದೆ. ಹಳತಾದಂತೆ ಚಿಪ್ಪಿನ ಸಣ್ಣ ರಂಧ್ರಗಳಿಂದ ತೇವ ಹೊರಗೆ ಹೋಗಿ, ದಪ್ಪ ತುದಿಯ ಗಾಳಿಗೂಡು ದೊಡ್ಡದಾಗಿ, ಮೊದಲು ತಳದಲ್ಲೇ ನೆಟ್ಟಗೆ ನಿಂತು ಕೊನೆಗೆ ತೇಲುತ್ತದೆ. ಅಂಗಡಿಯಿಂದ ತಂದ ಮೊಟ್ಟೆಯನ್ನು ಹೆಂಗಸರು ಪಾತ್ರೆಯ ನೀರಿಗೆ ಬಿಟ್ಟು ನೋಡುವುದು ಇದಕ್ಕೇ.

ಕಾಯಿಯನ್ನು ತೇಲಿಸುವ ದೊಡ್ಡ ಆಸ್ತಿ ಸಿಪ್ಪೆ. ನಾರಿನ ಸಂದಿಯಲ್ಲೆಲ್ಲ ಗಾಳಿ. ಹೊರಗೆ ನೀರಿಳಿಯದ ನುಣುಪು ತೊಗಟೆ. ಇದು ಸಮುದ್ರ ದಾಟಲು ತೆಂಗು ಮಾಡಿಕೊಂಡ ಏರ್ಪಾಟು. ಹವಾಯಿಯಲ್ಲಿ ನಡೆದು 1941ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 110 ದಿನ ಸಮುದ್ರದ ನೀರಲ್ಲಿ ತೇಲಿದ ಕಾಯಿಯೂ ಮೊಳೆತಿತ್ತು. ಅಂಥ ಹಡಗಿನಂಥ ಕಾಯಿ ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಈ ಬಯಲುಸೀಮೆಗೆ ಬಂದು, ಮಳೆಗೆ ಕಾದು ಕುಳಿತ ಕೆರೆ ಹಿಂದಿನ ತೋಟದಲ್ಲಿ ನೆಲೆ ನಿಂತಿದೆ. ಈಗ ಅದು ತೇಲಬೇಕಾದ ಸಂದರ್ಭ ಬರುವುದು ಬಾವಿಗೆ ಬಿದ್ದಾಗ, ಇಲ್ಲವೆ ಹುಡುಗರು ಈಜು ಕಲಿಯುವಾಗ.

ಈಜು ಕಲಿಯುವವರಿಗೆ ಎರಡು ಒಣ ಕಾಯಿಯ ಸಿಪ್ಪೆಯನ್ನು ಒಂದಿಷ್ಟು ಎಳೆದು, ಒಂದಕ್ಕೊಂದು ಗಂಟು ಹಾಕಿ, ಕಂಕುಳ ಕೆಳಗೆ ಬರುವಂತೆ ಕೊಡುವುದು ಹಳೆಯ ಪದ್ಧತಿ. ಕೆಲವರು ಒಣ ಸೋರೆ ಬುರುಡೆ ಕಟ್ಟುತ್ತಿದ್ದರು, ಕೆಲವರು ಕತ್ತಾಳೆಯ ಒಣ ದಿಂಡು. ಕಾಯಿಯೊಂದು ಒಂದೂವರೆ ಲೀಟರು ಜಾಗ ಹಿಡಿದು 900 ಗ್ರಾಂ ತೂಗಿದರೆ, ಪೂರ್ತಿ ಅದುಮಿದಾಗ ಅದು 600 ಗ್ರಾಂ ಎತ್ತಬಲ್ಲದು. ಜೋಡಿ ಸೇರಿ 1.2 ಕೆ.ಜಿ. ಐವತ್ತು ಕೆ.ಜಿ. ಹುಡುಗನಿಗೆ ಇದು ಯಾವ ಮೂಲೆಗೆ ಎನ್ನಿಸಬಹುದು. ಸಾಕಾಗುತ್ತದೆ. ಏಕೆಂದರೆ ಮನುಷ್ಯನ ಮೈ ನೀರಿಗೆ ಹೆಚ್ಚುಕಡಿಮೆ ಸರಿಸಮ. ಎದೆ ತುಂಬ ಉಸಿರು ಹಿಡಿದರೆ ನೀರಿಗಿಂತ ತುಸು ಹಗುರ, ಉಸಿರು ಪೂರ್ತಿ ಬಿಟ್ಟರೆ ತುಸು ಭಾರ. ತಕ್ಕಡಿಯ ಮುಳ್ಳು ನಡುವೆ ಇದ್ದಾಗ ಒಂದು ಕೆ.ಜಿ. ಬಟ್ಟು ದೊಡ್ಡದೇ.

ಮುಳುಗುವವರು ಮಾಡುವ ತಪ್ಪೂ ಈ ಲೆಕ್ಕದಿಂದಲೇ ತಿಳಿಯುತ್ತದೆ. ಗಾಬರಿಯಲ್ಲಿ ಎರಡೂ ಕೈ ಮೇಲೆತ್ತಿ ಕೂಗುತ್ತಾರೆ. ಎರಡು ಕೈ ಸೇರಿದರೆ ದೇಹದ ತೂಕದಲ್ಲಿ ಹತ್ತರಲ್ಲೊಂದು ಪಾಲು. ನೀರೊಳಗೆ ಇದ್ದಾಗ ಆ ಭಾರವನ್ನು ನೀರು ಹೊತ್ತಿತ್ತು. ಮೇಲೆತ್ತಿದರೆ ಅಷ್ಟೂ ಭಾರ ತಲೆಯನ್ನು ಕೆಳಗೆ ತಳ್ಳುತ್ತದೆ, ಕೂಗಲು ತೆರೆದ ಬಾಯಿಗೆ ನೀರು ನುಗ್ಗುತ್ತದೆ. ಕೈಗಳನ್ನು ನೀರೊಳಗೇ ಇಟ್ಟು, ತಲೆ ಹಿಂದಕ್ಕೆ ಒರಗಿಸಿ, ಎದೆಯಲ್ಲಿ ಗಾಳಿ ಹಿಡಿದರೆ ಮೂಗು ಬಾಯಿ ಮೇಲಿರುತ್ತವೆ. ಇದನ್ನು ಇಲ್ಲಿ ಬಿಡಿಸಿ ಹೇಳಲು ಕಾರಣ ಕೃಷಿ ಹೊಂಡ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಒಣಬೇಸಾಯದ ಹೊಲಗಳಲ್ಲಿ ಹೊಂಡಗಳು ಹೆಚ್ಚಾದವು. ನೀರು ಇಂಗದಿರಲೆಂದು ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತದೆ. ಒಳಗೆ ಬಿದ್ದವರಿಗೆ ಹಿಡಿಯಲು ಬಾವಿಯ ಕಲ್ಲಿನಂಥ ಆಸರೆ ಇರುವುದಿಲ್ಲ. ಹೊಂಡದ ಸುತ್ತ ಬೇಲಿ ಬೇಕು, ದಡದಲ್ಲಿ ಒಂದು ಗೂಟಕ್ಕೆ ಹಗ್ಗ ಕಟ್ಟಿ ಅದರ ತುದಿಗೆ ಮುಚ್ಚಳ ಬಿಗಿದ 20 ಲೀಟರಿನ ಖಾಲಿ ಕ್ಯಾನು ಇರಬೇಕು. ಅಂಥ ಕ್ಯಾನು 18-19 ಕೆ.ಜಿ. ಎತ್ತಿ ಹಿಡಿಯುತ್ತದೆ. ಒಬ್ಬರಿಗೆ ಧಾರಾಳ, ಇಬ್ಬರಿಗೂ ಆದೀತು.

ಕೆರೆಯಲ್ಲಿ ಮೀನು ಹಿಡಿಯುವವರಿಗೆ ತೇಲುವುದೂ ಮುಳುಗುವುದೂ ಎರಡೂ ಬೇಕು. ಬಲೆಯ ಮೇಲಂಚಿಗೆ ಬೆಂಡು, ಕೆಳಗಂಚಿಗೆ ಸೀಸದ ಗುಂಡು. ಒಂದು ಮೇಲಕ್ಕೆ ಎಳೆಯುತ್ತದೆ, ಇನ್ನೊಂದು ಕೆಳಕ್ಕೆ, ನಡುವೆ ಬಲೆ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಹುಳಿಯಾರಿಗೆ ಹತ್ತಿರದ ಬೋರನಕಣಿವೆಯಂಥ ಜಲಾಶಯಕ್ಕೆ ಇಳಿಯಲು ಹರಿಗೋಲಾದರೆ ಅನುಕೂಲ. ಹಿಂದೆ ಬಿದಿರಿನ ಬುಟ್ಟಿಗೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ. ಎರಡು ಮೀಟರು ಅಗಲದ ದುಂಡು ಹರಿಗೋಲು 10 ಸೆಂಟಿಮೀಟರು ಇಳಿದರೆ 300 ಲೀಟರಿಗೂ ಮೇಲೆ ನೀರನ್ನು ಸರಿಸುತ್ತದೆ. ಅಂದರೆ ನಾಲ್ಕು ಜನ ಕೂತರೆ ಅದು ಒಂದು ಗೇಣಿನಷ್ಟೂ ಇಳಿಯುವುದಿಲ್ಲ. ಕಬ್ಬಿಣದ ಹಡಗು ತೇಲುವುದೂ ಹೀಗೆಯೇ. ಮೊಳೆ ಮುಳುಗುತ್ತದೆ, ಅದೇ ಕಬ್ಬಿಣವನ್ನು ತಟ್ಟಿ ಬೋಗುಣಿ ಮಾಡಿದರೆ ತೇಲುತ್ತದೆ.

ಬೋಗುಣಿಯ ಮಾತು ಬಂದಾಗ ತೆಂಗಿನ ಚಿಪ್ಪನ್ನು ಬಿಡುವಂತಿಲ್ಲ. ಅರ್ಧ ಚಿಪ್ಪನ್ನು ಬಾಯಿ ಮೇಲೆ ಮಾಡಿ ತೊಟ್ಟಿಗೆ ಬಿಟ್ಟರೆ ದೋಣಿ. ಒಂದು ಸೌಟು ನೀರು ಹೊಯ್ದು ತುಂಬಿಸಿದರೆ ತಳಕ್ಕೆ. ಚಿಪ್ಪಿನ ಗೋಡೆ ನೀರಿಗಿಂತ ಸ್ವಲ್ಪವೇ ಭಾರ, ಆದರೆ ಆ ಸ್ವಲ್ಪ ಸಾಕು. ನಮ್ಮ ಕಡೆ ಮದುವೆ ಮುಹೂರ್ತಕ್ಕೆ ಇಡುತ್ತಿದ್ದ ಗಳಿಗೆ ಬಟ್ಟಲು ಇದೇ ಗುಣದ ಮೇಲೆ ನಿಂತದ್ದು. ತಾಮ್ರದ ತೆಳು ಬಟ್ಟಲಿನ ತಳಕ್ಕೆ ಸೂಜಿಯಷ್ಟು ತೂತು. ಹಂಡೆಯ ನೀರಿನ ಮೇಲೆ ಬಿಟ್ಟರೆ ಒಳಗೆ ನೀರು ಜಿನುಗಿ ಏರುತ್ತ ಏರುತ್ತ, ಸರಿಯಾಗಿ ಒಂದು ಗಳಿಗೆಗೆ, ಅಂದರೆ 24 ನಿಮಿಷಕ್ಕೆ, ಗುಳುಂ ಎಂದು ಮುಳುಗಬೇಕು. ಹಗಲು ರಾತ್ರಿ ಸೇರಿ ಅರುವತ್ತು ಬಾರಿ. ಮಲಯ ದೇಶದ ನಾವಿಕರು ತಾಮ್ರದ ಗೊಡವೆಗೆ ಹೋಗದೆ ತೆಂಗಿನ ಚಿಪ್ಪಿಗೇ ತೂತು ಕೊರೆದು ಹೊತ್ತು ಅಳೆದರು. ಮರದ ಬಟ್ಟಲಿಗೆ ತೂತು ಮಾಡಿದರೆ ಏನಾಗುತ್ತಿತ್ತು? ನೀರು ತುಂಬಿದ ಮೇಲೂ ಅದು ಪ್ಲಾಸ್ಟಿಕ್ ಕೊಡದ ಹಾಗೆ ತೇಲುತ್ತಲೇ ಇರುತ್ತಿತ್ತು, ಮುಹೂರ್ತ ಬರುತ್ತಲೇ ಇರಲಿಲ್ಲ.

ನೀರನ್ನೇ ಭಾರ ಮಾಡಿ ಕೆಲಸ ತೆಗೆಯುವ ಜಾಣತನವೂ ರೈತರಿಗೆ ಗೊತ್ತು. ಬಿತ್ತನೆ ಭತ್ತವನ್ನು ಬರಿ ನೀರಿಗೆ ಹಾಕಿದರೆ ತೀರ ಜೊಳ್ಳು ಮಾತ್ರ ತೇಲುತ್ತದೆ, ಅರೆ ಜೊಳ್ಳು ಗಟ್ಟಿ ಕಾಳಿನ ಜೊತೆ ತಳ ಸೇರಿ ಮೋಸ ಮಾಡುತ್ತದೆ. ಅದಕ್ಕೆ ನೀರಿಗೆ ಉಪ್ಪು ಕರಗಿಸುವುದು. ಎಷ್ಟು ಎಂದು ತಿಳಿಯಲು ಹೊಸ ಮೊಟ್ಟೆಯೊಂದನ್ನು ಬಿಟ್ಟು, ಅದು ಮೇಲೆದ್ದು ಒಂದು ರೂಪಾಯಿ ಬಿಲ್ಲೆಯಗಲ ತಲೆ ತೋರಿಸುವವರೆಗೆ ಉಪ್ಪು ಹಾಕುತ್ತಾರೆ. ಆಗ ಅರೆ ಜೊಳ್ಳೂ ಮೇಲೆ ಬಂದು ಸಿಕ್ಕಿಬೀಳುತ್ತದೆ. ತಳದ ಕಾಳನ್ನು ಎರಡು ಮೂರು ಬಾರಿ ಒಳ್ಳೆ ನೀರಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಉಪ್ಪು ಮೊಳಕೆಯನ್ನು ಕೆಡಿಸುತ್ತದೆ.

ಬೆಳಿಗ್ಗೆ ಡೈರಿಯ ಮುಂದೆ ಸಾಲು ನಿಂತವರಿಗೆ ಲ್ಯಾಕ್ಟೋಮೀಟರ್ ಪರಿಚಯದ ವಸ್ತು. ಕೆಳಗೆ ಭಾರದ ಬುರುಡೆ, ಮೇಲೆ ಅಂಕಿ ಬರೆದ ಗಾಜಿನ ಕಡ್ಡಿ. ಹಾಲು ನೀರಿಗಿಂತ ಭಾರ, ಹಸುವಿನ ಹಾಲಿಗೆ ಕಡ್ಡಿ 28ರ ಆಸುಪಾಸು ತೋರಿಸುತ್ತದೆ. ನೀರು ಬೆರೆಸಿದರೆ ಕಡ್ಡಿ ಇನ್ನಷ್ಟು ಮುಳುಗಿ ಗುಟ್ಟು ಹೇಳುತ್ತದೆ. ಆದರೆ ಈ ಕಡ್ಡಿಗೂ ಟೋಪಿ ಹಾಕಬಹುದು. ಕೆನೆ ನೀರಿಗಿಂತ ಹಗುರ. ಕೆನೆ ತೆಗೆದುಬಿಟ್ಟರೆ ಉಳಿದ ಹಾಲು ಮೊದಲಿಗಿಂತ ಭಾರವಾಗುತ್ತದೆ, ಆಮೇಲೆ ಅದಕ್ಕೆ ನೀರು ಸೇರಿಸಿದರೆ ಅಂಕಿ ಮತ್ತೆ ಮೊದಲಿನಲ್ಲಿಗೆ ಬಂದು ನಿಲ್ಲುತ್ತದೆ. ಎರಡು ತಪ್ಪು ಸೇರಿ ಒಂದು ಸರಿ ಉತ್ತರ. ಫ್ಯಾಟ್ ಎಷ್ಟಿದೆ ಎಂದು ಬೇರೆಯಾಗಿ ನೋಡುವುದು ಅದಕ್ಕೇ.

ಕೆನೆ ಹಾಲಿನ ಮೇಲೆ ನಿಲ್ಲುವ ಹಾಗೆ ಕೊಬ್ಬರಿ ಎಣ್ಣೆ ನೀರಿನ ಮೇಲೆ ನಿಲ್ಲುತ್ತದೆ, ಲೀಟರಿಗೆ ಸುಮಾರು 920 ಗ್ರಾಂ. ಮಂಜುಗಡ್ಡೆಯೂ ಹೆಚ್ಚುಕಡಿಮೆ ಅಷ್ಟೇ ತೂಕ, 917. ಆದರೆ ಇವೆರಡರ ಸ್ವಭಾವ ಬೇರೆ. ನೀರು ಹೆಪ್ಪುಗಟ್ಟುವಾಗ ಹಿಗ್ಗಿ ಹಗುರಾಗುತ್ತದೆ, ಆದ್ದರಿಂದ ಗಡ್ಡೆ ನೀರಿನ ಮೇಲೆ ತೇಲುತ್ತದೆ. ಎಣ್ಣೆ ಹೆಪ್ಪುಗಟ್ಟುವಾಗ ಕುಗ್ಗುತ್ತದೆ. ಲೋಕದಲ್ಲಿ ಹೆಚ್ಚಿನ ಪದಾರ್ಥಗಳೂ ಹಾಗೆಯೇ, ನೀರೇ ಬೇರೆ ಜಾತಿ.

ಮಾಗಿಯಲ್ಲಿ ಹುಳಿಯಾರಿನ ಚಳಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವ 24 ಡಿಗ್ರಿಗಿಂತ ಎಷ್ಟೋ ಕೆಳಗಿಳಿಯುತ್ತದೆ, ಬಚ್ಚಲುಮನೆ ಗೂಡಿನ ಎಣ್ಣೆ ಬಾಟಲಿ ಬೆಳಗಾಗುವಷ್ಟರಲ್ಲಿ ಬೆಳ್ಳಗೆ ಕಲ್ಲಾಗಿರುತ್ತದೆ. ಶಾಲೆಗೆ ಹೊತ್ತಾದ ಮಗಳ ತಲೆಗೆ ಹಚ್ಚಬೇಕು. ತಾಯಿ ಅದನ್ನು ತಂದು ಜಗಲಿಕಟ್ಟೆಯ ಎಳೆಬಿಸಿಲಿಗೆ ಇಡುತ್ತಾಳೆ. ಮೊದಲು ಗಾಜಿಗೆ ಅಂಟಿದ ಸುತ್ತಿನ ಪದರ ಕರಗುತ್ತದೆ. ನಡುವಿನ ಬಿಳಿ ಗಡ್ಡೆ ಬಿಡಿಸಿಕೊಂಡು, ಒಮ್ಮೆ ವಾಲಿ, ಮೆಲ್ಲಗೆ ಜಾರಿ ತಳಕ್ಕೆ ಹೋಗಿ ಕೂರುತ್ತದೆ. ಮೇಲೆ ಒಂದು ಬೆರಳಿನಷ್ಟು ತಿಳಿಯಾದ ಎಣ್ಣೆ. ಅಷ್ಟು ಸಾಕೆಂದು ಅವಳು ಅಂಗೈಗೆ ಬಗ್ಗಿಸಿಕೊಳ್ಳುತ್ತಾಳೆ, ಗಡ್ಡೆ ಬಾಟಲಿಯ ಬುಡದಲ್ಲೇ ಉಳಿಯುತ್ತದೆ.